ಮೈಲನ್ ಗೆಲುವು, ಆಟಕ್ಸ್ ಮೆರವಣಿಗೆ

ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ಮೈಲನ್ ಅಂತ ಒಂದು ಸಣ್ಣ ಊರು. 1954ರಲ್ಲಿ ಅಲ್ಲಿನ ಸರ್ಕಾರಿ ಹೈಸ್ಕೂಲಿನಲ್ಲಿ ಓದುತ್ತಿದ್ದವರು 161 ಮಂದಿ. ಆಗ ಆ ರಾಜ್ಯದಲ್ಲಿ ದೊಡ್ಡ ಶಾಲೆ, ಸಣ್ಣ ಶಾಲೆ ಎಲ್ಲಕ್ಕೂ ಒಂದೇ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿ. ಫೈನಲ್‌ನಲ್ಲಿ ಮೈಲನ್ ಹುಡುಗರು ಮನ್ಸಿ ಪಟ್ಟಣದ ದೊಡ್ಡ ಶಾಲೆಯನ್ನು 32-30ರಿಂದ ಸೋಲಿಸಿದರು. ಕೊನೇ ಗಳಿಗೆಯಲ್ಲಿ ಬಾಬಿ ಪ್ಲಂಪ್ ಬುಟ್ಟಿಗೆ ಹಾಕಿದ ಚೆಂಡು ಇವತ್ತಿಗೂ ದಂತಕತೆ. ಅದರ ಪ್ರೇರಣೆಯಿಂದ 1986ರಲ್ಲಿ ಸಿನಿಮಾನೂ ಬಂತು. ಹಳ್ಳಿ ಮಕ್ಕಳು ಗೆದ್ದದ್ದು ನಮಗೂ ಸಂತೋಷವೇ.

ಆದರೆ ಫೈನಲ್‌ಗೆ ಮೊದಲು ಮೈಲನ್ ಸೋಲಿಸಿದ ತಂಡಗಳಲ್ಲಿ ಒಂದು, ಇಂಡಿಯಾನಾಪೊಲಿಸ್ ನಗರದ ಕ್ರಿಸ್ಪಸ್ ಆಟಕ್ಸ್ ಶಾಲೆಯದು. ಕರಿಯ ಮಕ್ಕಳನ್ನು ಬೇರೆ ಕೂರಿಸೋಕೆ ಅಂತಲೇ 1927ರಲ್ಲಿ ತೆರೆದ ಶಾಲೆ ಅದು. 1942ರವರೆಗೆ ಇಂಥ ಶಾಲೆಗಳಿಗೆ ಆ ಪಂದ್ಯಾವಳಿಯ ಬಾಗಿಲೇ ಮುಚ್ಚಿತ್ತು. ಮೈಲನ್ ಸಣ್ಣದು, ನಿಜ. ಆದರೆ ಅಂಗಳಕ್ಕೆ ಕಾಲಿಡಬೇಡ ಅಂತ ಅದಕ್ಕೆ ಯಾರೂ ಅಂದಿರಲಿಲ್ಲ.

1955ರಲ್ಲಿ ಆಸ್ಕರ್ ರಾಬರ್ಟ್‌ಸನ್ ಇದ್ದ ಆಟಕ್ಸ್ ತಂಡ ಅದೇ ಪಂದ್ಯಾವಳಿ ಗೆದ್ದಿತು. ನಗರದ ನಡುವಿನ ಸ್ಮಾರಕ ವೃತ್ತದಲ್ಲಿ ಒಂದು ಸುತ್ತು ಹಾಕಿಸಿ, ಮೆರವಣಿಗೆಯನ್ನು ಕರಿಯರ ಕೇರಿಯ ಪಾರ್ಕಿಗೆ ಅಟ್ಟಿದರು. ಊರಿಗೆ ಕೀರ್ತಿ ತಂದವರು ಊರ ನಡುವೆ ಕುಣಿಯಬಾರದಂತೆ! 1956ರಲ್ಲಿ ಒಂದೂ ಪಂದ್ಯ ಸೋಲದೆ ಆ ಹುಡುಗರು ಮತ್ತೆ ಗೆದ್ದರು.

ಗೆಳೆಯರೆ, ಕೇರಿಯತ್ತ ತಿರುಗಿಸಿದ ಆ ದಾರಿ ನಮಗೆ ಹೊಸದಲ್ಲ. ಹಳ್ಳಿ ಮೇಷ್ಟ್ರು ಮಕ್ಕಳಿಗೆ ಮೈಲನ್ ಕತೆ ಹೇಳಲಿ. ಹೇಳುವಾಗ ಆಟಕ್ಸ್ ಹುಡುಗರನ್ನು ಮಾತ್ರ ಮತ್ತೆ ಹೊರಗೆ ನಿಲ್ಲಿಸದಿರಲಿ.