ಖಾನ್‌ಸಾಹೇಬರ ಝಿಂಝೋಟಿ ಪ್ಲೇಟು

ಅಬ್ದುಲ್ ಕರೀಂ ಖಾನರ ಓಡಿಯನ್ ಕಂಪನಿಯ ಗ್ರಾಮಫೋನ್ ಪ್ಲೇಟುಗಳನ್ನು ಈಚೆಗೆ ಮತ್ತೆ ಕೂತು ಕೇಳುತ್ತಿದ್ದೇನೆ. ಝಿಂಝೋಟಿಯದೊಂದು ಠುಮ್ರಿ, ಭೈರವಿಯದೊಂದು. ಎರಡೂ ಮೂರು ನಿಮಿಷದ ಆಸುಪಾಸಿನವು. ಖ್ಯಾಲೇ ದೊಡ್ಡದು, ಠುಮ್ರಿ ಊಟವಾದ ಮೇಲಿನ ಎಲೆ-ಅಡಿಕೆ ಎಂಬ ಮಾತು ನಮ್ಮ ಕಡೆಯ ಬೈಠಕ್‌ಗಳಲ್ಲಿ ಈಗಲೂ ಕೇಳಿಬರುತ್ತದೆ. ನಾನು ಒಪ್ಪುವುದಿಲ್ಲ. ಕನ್ನಡ ನಾಡಿನ ಹಿಂದುಸ್ತಾನಿ ಸಂಗೀತಕ್ಕೆ ಆ ಝಿಂಝೋಟಿ ಪ್ಲೇಟಿನಿಂದ ಆದಷ್ಟು ಉಪಕಾರ ರಾತ್ರಿಯಿಡೀ ನಡೆದ ಎಷ್ಟೋ ಮೆಹಫಿಲ್‌ಗಳಿಂದ ಆಗಿಲ್ಲ.

ನಾನು ಕಾಗವಾಡದವನು. ನಮಗೆ ಮಿರಜ ಎಂದರೆ ದವಾಖಾನೆಗೆ, ಬಾಜಾರಕ್ಕೆ, ತಂಬೂರಿ ಕೊಳ್ಳುವುದಕ್ಕೆ ಹೋಗುವ ಊರು. ಖಾನ್‌ಸಾಹೇಬರು 1872ರಲ್ಲಿ ಹುಟ್ಟಿದ್ದು ದೂರದ ಕೈರಾನಾದಲ್ಲಿ. ಬರೋಡಾ ದರ್ಬಾರು ಬಿಟ್ಟುಬಂದ ಮೇಲೆ ಕಡೆಗೆ ನೆಲೆ ನಿಂತದ್ದು ಮಿರಜದಲ್ಲಿ. ಅಲ್ಲಿಂದ ಧಾರವಾಡ, ಕುಂದಗೋಳದ ಕಡೆ ಹೊರಟ ರೈಲು ಶೇಡಬಾಳ, ಉಗಾರ, ಕುಡಚಿ, ರಾಯಬಾಗ, ಚಿಕ್ಕೋಡಿ ರೋಡ್ ದಾಟಿಯೇ ಹೋಗಬೇಕು. ಆಗ ಮಿರಜ ಪಟವರ್ಧನರದು, ಅಥಣಿ ತಾಲೂಕು ಇಂಗ್ಲಿಷರದು, ರಾಯಬಾಗ ಕೊಲ್ಹಾಪುರ ಮಹಾರಾಜರದು. ಸರಕಾರ ಮೂರು, ಹಳಿ ಒಂದೇ. ಆ ಹಳಿಯ ಮೇಲೆಯೇ ಖಾನ್‌ಸಾಹೇಬರ ಕಿರಾಣಾ ಘರಾಣೆಯ ಗಾಯನ ಕನ್ನಡದ ಒಳಗೆ ಬಂತು. ಕುಂದಗೋಳದ ರಾಮಭಾವು ಖಾನ್‌ಸಾಹೇಬರ ಶಿಷ್ಯರಾಗಿ ಸವಾಯಿ ಗಂಧರ್ವರೆನಿಸಿದರು. ಧಾರವಾಡದಲ್ಲಿ ಗಂಗೂಬಾಯಿ ಹಾನಗಲ್ಲರ ತಾಯಿ ಅಂಬಾಬಾಯಿಯವರ ಕರ್ನಾಟಕ ಸಂಗೀತ ಕೇಳಲು ಖಾನ್‌ಸಾಹೇಬರೇ ಅವರ ಮನೆಗೆ ಬರುತ್ತಿದ್ದರು. ಉಸ್ತಾದನೊಬ್ಬ ಕೇಳುಗನಾಗಿ ಬಂದು ಕೂತದ್ದು ನನಗೆ ಬಹಳ ದೊಡ್ಡ ಸಂಗತಿ.

ಝಿಂಝೋಟಿಯ ಪ್ಲೇಟು ನಾನು ಮೊದಲು ಕೇಳಿದ್ದು ನಮ್ಮ ಕಾಕಾ ಅವರ ಪಡಸಾಲೆಯಲ್ಲಿ. ಚಾವಿ ಕೊಡುವುದು, ಮುಳ್ಳು ಬದಲಿಸುವುದು ಎಲ್ಲಾ ಅವರದೇ. ನಮಗೆ ಮುಟ್ಟಲಿಕ್ಕೆ ಬಿಡುತ್ತಿರಲಿಲ್ಲ. "ಗದ್ದಲ ಮಾಡಬ್ಯಾಡ್ರೋ, ಅವರು ಅದೇ ಸಾಲಿಗೆ ಹೆಂಗ ತಿರುಗಿ ಬರ್ತಾರ ಕೇಳ್ರಿ" ಅನ್ನುತ್ತಿದ್ದರು. ಕೇಳಬೇಕಾದ್ದು ಅದನ್ನೇ. ದನಿ ಸಣ್ಣದು, ಮೊನಚು, ಎತ್ತರದ ಶ್ರುತಿಯದು. ಒಂದು ಸ್ವರದಿಂದ ಇನ್ನೊಂದಕ್ಕೆ ಜಿಗಿಯುವುದಿಲ್ಲ, ಜಾರಿ ಹೋಗಿ ನಿಲ್ಲುತ್ತದೆ. ಸಾಲು ಅದೇ, ಪ್ರತಿ ಸಲ ಹತ್ತುವ ದಾರಿ ಬೇರೆ. ಪ್ಲೇಟು ಮುಗಿಯುತ್ತ ಬಂದರೂ ಖಾನ್‌ಸಾಹೇಬರಿಗೆ ಅವಸರವೇ ಇಲ್ಲ. ಆ ಠುಮ್ರಿಯ ಅಗಲಿಕೆಯ ಸಂಕಟ ಅಷ್ಟು ಸಣ್ಣ ಜಾಗದಲ್ಲಿ ಅಷ್ಟು ಸಾವಕಾಶವಾಗಿ ಕೂತದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಗದಗಿನ ಹುಡುಗ ಭೀಮಸೇನ ಜೋಶಿಯ ತಲೆ ಕೆಡಿಸಿದ್ದೂ ಇದೇ ಝಿಂಝೋಟಿ. ಹೀಗೆ ಹಾಡುವುದನ್ನು ಕಲಿಯಲೇಬೇಕೆಂದು 1933ರಲ್ಲಿ, ಹನ್ನೊಂದರ ವಯಸ್ಸಿಗೆ, ಮನೆ ಬಿಟ್ಟ. ಊರೂರು ಅಲೆದು ಕೊನೆಗೆ ಮುಟ್ಟಿದ್ದು ಸವಾಯಿ ಗಂಧರ್ವರ ಬಾಗಿಲಿಗೆ.

ಪ್ಲೇಟು ಕೇಳಿ ಹುಚ್ಚು ಹಿಡಿದದ್ದು ನಮ್ಮಲ್ಲಷ್ಟೇ ಅಲ್ಲ. ಅತ್ತ ಅಮೆರಿಕದಲ್ಲಿ ರಾಬರ್ಟ್ ಜಾನ್ಸನ್ ಎಂಬ ಕರಿಯ ಗಾಯಕ 1936 ಮತ್ತು 37ರಲ್ಲಿ ಟೆಕ್ಸಾಸಿಗೆ ಹೋಗಿ, ಗಿಟಾರೊಂದನ್ನೇ ಜೊತೆಗಿಟ್ಟುಕೊಂಡು 29 ಬ್ಲೂಸ್ ಹಾಡು ಮುದ್ರಿಸಿದ. ಅವೂ ಮೂರೇ ನಿಮಿಷದ ತಟ್ಟೆಗಳು. 1961ರಲ್ಲಿ ಅವುಗಳಲ್ಲಿ ಕೆಲವು ಎಲ್‌ಪಿಯಾಗಿ ಬಂದಾಗ ಇಂಗ್ಲೆಂಡಿನ ಹುಡುಗರು ಹುಚ್ಚಾದರು. ಕ್ರೀಮ್ ತಂಡ 1968ರಲ್ಲಿ ಅವನದೊಂದು ಹಾಡನ್ನು ರಾಕ್ ಮಾಡಿ ನುಡಿಸಿದ್ದನ್ನು ಜಗತ್ತೇ ಕೇಳಿತು. ಗುರುವಿನ ಮುಖ ನೋಡದೆ, ಬರೀ ತಟ್ಟೆಯಿಂದ ಹೊತ್ತಿಕೊಂಡವರು ಅಲ್ಲೂ ಇದ್ದರು.

1937ರ ಅಕ್ಟೋಬರ್ 27ರಂದು ಪಾಂಡಿಚೇರಿಗೆ ಹೊರಟಿದ್ದ ಖಾನ್‌ಸಾಹೇಬರು ದಾರಿಯಲ್ಲಿ ಸಿಂಗಪೆರುಮಾಳ್ ಕೋಯಿಲ್ ನಿಲ್ದಾಣದಲ್ಲಿ ತೀರಿಕೊಂಡರು. ಮಣ್ಣಾದದ್ದು ಮಿರಜದ ಖ್ವಾಜಾ ಮೀರಾಸಾಹೇಬರ ದರ್ಗಾದ ಆವರಣದಲ್ಲಿ. ಅಲ್ಲಿ ಉರುಸಿನಲ್ಲಿ ಪ್ರತಿವರ್ಷ ಸಂಗೀತೋತ್ಸವ ನಡೆಯುತ್ತದೆ.

ಈಗ ಮೊಬೈಲಿನಲ್ಲಿ ಈ ಪ್ಲೇಟುಗಳ ಹಲವು ಪ್ರತಿ ಸಿಗುತ್ತವೆ. ಕೆಲವುಗಳಲ್ಲಿ ವೇಗ ತಪ್ಪಿ ಶ್ರುತಿ ಏರಿದೆ. ಕೆಲವುಗಳಲ್ಲಿ ಗರಗರ ತೆಗೆಯುವ ಭರದಲ್ಲಿ ದನಿಯ ಮೊನಚನ್ನೂ ಉಜ್ಜಿ ತೆಗೆದಿದ್ದಾರೆ. ಹೊಸದಾಗಿ ಕೇಳುವವರು ಗರಗರ ಹಾಗೇ ಉಳಿದಿರುವ ಪ್ರತಿಯನ್ನೇ ಹುಡುಕಿ ಕೇಳಲಿ.