ಗುಬ್ಬಿ ಕಂಪನಿ ಪರದೆ, ನಮ್ಮ ಟ್ಯಾಲಿ ಫೈಲ್ (ಭಾಗ 4)

ಗುಬ್ಬಿ ವೀರಣ್ಣನವರ ನಾಟಕ ನೋಡೋರಿಗೆ ರಂಗ ಕಾಣ್ತಿತ್ತು, ಪರದೆ ಹಿಂದಿನ ಓಡಾಟ ಕಾಣ್ತಿರಲಿಲ್ಲ. ಅವರು ತೀರಿಕೊಂಡ 1972ರಲ್ಲೇ ಡೇವಿಡ್ ಪಾರ್ನಸ್ ಸಾಫ್ಟ್‌ವೇರ್‌ಗೂ ಅದನ್ನೇ ಹೇಳಿದ್ರು: ಪ್ರತಿ ಭಾಗವೂ ತನ್ನ ಒಳಗುಟ್ಟು ಮುಚ್ಚಿಡಲಿ. ಯಾಕೆ ಗೊತ್ತಾ? ಒಳಗಿನ ಫಂಕ್ಷನ್ನನ್ನ ಹೊರಗಿನವರು ನೆಚ್ಚಿಕೊಂಡ್ರೆ, ನಾಳೆ ಅದನ್ನ ಬದಲಿಸೋದು ಕಷ್ಟ.

ಆದ್ರೂ ಲಿನಕ್ಸ್ ಲೈಬ್ರರಿಗಳಲ್ಲಿ ಒಳಗಿನ ಎಷ್ಟೋ ಹೆಸರುಗಳು ಹೊರಗೇ ಕಾಣ್ತಿದ್ವು. 2005ರಲ್ಲಿ ಬಂದ ಜಿಸಿಸಿ 4.0 ಕಂಪೈಲರ್, ಎಲ್ಲವನ್ನೂ ಮರೆಮಾಡಿ ಬೇಕಾದ್ದನ್ನಷ್ಟೇ ತೋರಿಸೋ ಆಯ್ಕೆ ಕೊಡ್ತು. ಇನ್ನು ಡೀಬಗ್ ಮಾಹಿತಿ, ಅಂದ್ರೆ ಯಾವ ಕೋಡ್ ಯಾವ ಸಾಲಿನದು ಅನ್ನೋ ಲೆಕ್ಕ: ಅದನ್ನ ‘ಸ್ಟ್ರಿಪ್’ ಕಮಾಂಡ್ ಕಿತ್ತುಹಾಕುತ್ತೆ. ಅದರ ಪ್ರತಿ ಬರೆದವರ ಹತ್ರ ಉಳಿದಿರ್ಬೇಕು, ಇಲ್ಲಾಂದ್ರೆ ಕ್ರ್ಯಾಶ್ ಆದಾಗ ತಪ್ಪು ಹುಡುಕೋದು ಕತ್ತಲಲ್ಲಿ ಸೂಜಿ ಹುಡುಕಿದ ಹಾಗೆ.

ಇದು ನಮಗೂ ಸಂಬಂಧಪಟ್ಟಿದ್ದೇ. ಬಿಕಾಂನವರು ಕಲಿಯೋ ಟ್ಯಾಲಿ, 1986ರಲ್ಲಿ ಶುರುವಾದ, ಈಗ ಬೆಂಗಳೂರಲ್ಲಿರೋ ಕಂಪನಿಯದು. ಅದಕ್ಕೆ ಬರೆಯೋ ಟಿಡಿಎಲ್ ಕೋಡನ್ನ ಯಾರು ಬೇಕಾದ್ರೂ ಓದಬಹುದು. ಕಂಪೈಲ್ ಆಗಿ ಟಿಸಿಪಿ ಫೈಲ್ ಆದ್ರೆ ಓದೋಕಾಗಲ್ಲ. ಬರೆದವರ ಶ್ರಮ ಉಳೀತು, ಸರಿ. ಆದ್ರೆ ಕುಣಿಗಲ್ ಅಂಗಡಿಗೋ ತುಮಕೂರಿನ ಮಂಡಿಗೋ ಬಿಲ್ ಮಾಡಿಕೊಟ್ಟವರು ಫೋನ್ ಎತ್ತದೇ ಹೋದ್ರೆ, ತೆರಿಗೆ ನಿಯಮ ಬದಲಾದ ದಿನ ಅದನ್ನ ತಿದ್ದೋರು ಯಾರು?

ಮುಚ್ಚಿಡೋದು ತಪ್ಪಲ್ಲ. ಕೀಲಿ ಒಬ್ಬರ ಜೇಬಲ್ಲೇ ಇರೋದು ಅಪಾಯ. ನಾಳೆ ನೀವು ಅಕೌಂಟೆಂಟ್ ಆದಾಗ, ದುಡ್ಡು ಕೊಡೋ ಮೊದಲೇ ಮೂಲ ಟಿಡಿಎಲ್ ಫೈಲ್ ಬಗ್ಗೆ ಮಾತಾಡ್ಕೊಳ್ಳಿ.

#ತುಮಕೂರು #ಗುಬ್ಬಿ #ಕುಣಿಗಲ್ #ಬಿಕಾಂ