ಮರ ಇಳಿದವರಿಗೆ ಮಗ್ಗ ಮತ್ತು ಹಂಚು

ಜುಲೈ 1 ಬಂದರೆ ಪತ್ರಕರ್ತರಾದ ನಾವು ‘ಮಂಗಳೂರ ಸಮಾಚಾರ’ವನ್ನು ನೆನೆಯುತ್ತೇವೆ. 1843ರಲ್ಲಿ ಅದನ್ನು ಹೊರತಂದ ಹರ್ಮನ್ ಮೋಗ್ಲಿಂಗ್ ಭಾವಚಿತ್ರಕ್ಕೆ ಹಾರ ಹಾಕುತ್ತೇವೆ. ಮೋಗ್ಲಿಂಗ್ ಇದ್ದ ಬಾಸೆಲ್ ಮಿಷನ್ ಅದೇ ಊರಿನಲ್ಲಿ ಎದುರಿಸಿದ ಇನ್ನೊಂದು ಪ್ರಶ್ನೆಯ ಬಗ್ಗೆ ನಾವು ಮಾತಾಡುವುದು ಕಡಿಮೆ: ಧರ್ಮ ಬದಲಿಸಿದವನು ನಾಳೆಯ ಗಂಜಿಗೆ ಏನು ಮಾಡಬೇಕು?

ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ 1815ರಲ್ಲಿ ಹುಟ್ಟಿದ ಈ ಸಂಸ್ಥೆಯ ಮೊದಲ ಮೂವರು ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದರು. ಅವರ ಹಿಂದೆ ಬಂದವರಲ್ಲಿ ಅನೇಕರು ದಕ್ಷಿಣ ಜರ್ಮನಿಯ ರೈತರ, ಕುಶಲಕರ್ಮಿಗಳ ಮನೆಯ ಮಕ್ಕಳು. ಭಾನುವಾರದ ಪ್ರಾರ್ಥನೆಯಷ್ಟೇ ವಾರದ ಆರು ದಿನದ ದುಡಿಮೆಯೂ ದೇವರ ಸೇವೆ ಎಂದು ನಂಬಿ ಬೆಳೆದವರು. ಡೇರೆ ಮಾಡುವ ಕೆಲಸದಿಂದ ಹೊಟ್ಟೆ ಹೊರೆದ ಪೌಲ ಅವರಿಗೆ ಮಾದರಿ.

ತುಳುನಾಡಿನಲ್ಲಿ ಮಿಷನ್ ಸೇರಿದವರಲ್ಲಿ ಬಿಲ್ಲವರೇ ಹೆಚ್ಚು. ಅವರಲ್ಲಿ ಅನೇಕರ ಕಸುಬು ಮೂರ್ತೆ, ಅಂದರೆ ಮರ ಹತ್ತಿ ಕಳ್ಳು ಇಳಿಸುವುದು. ಕಳ್ಳಿನ ಕಸುಬು ಕ್ರೈಸ್ತನಿಗೆ ಸಲ್ಲದು ಎಂಬುದು ಮಿಷನ್ನಿನ ನಿಲುವು. ಹೀಗೆ ಮರ ಇಳಿದವನಿಗೆ ಜಾತಿಯ ಆಸರೆಯೂ ತಪ್ಪಿತು, ಮನೆಯವರ ನೆರವೂ ತಪ್ಪಿತು, ಕಸುಬೂ ಹೋಯಿತು.

ಹಸಿದು ಬಂದವನಿಗೆ ಏನನ್ನೂ ಕೊಡದೆ ಒಳ್ಳೆಯ ಮಾತಾಡಿ ಕಳಿಸಿದರೆ ಆ ನಂಬಿಕೆಯಿಂದ ಏನು ಪ್ರಯೋಜನ ಎಂದು ಬೈಬಲ್ಲಿನ ಯಾಕೋಬನ ಪತ್ರಿಕೆ ಕೇಳುತ್ತದೆ. ಪಾದ್ರಿಗಳ ಬಾಗಿಲಿಗೇ ಆ ಪ್ರಶ್ನೆ ಬಂದು ನಿಂತಿತ್ತು. ದಾನ ಕೊಡುತ್ತಾ ಹೋದರೆ ಜನ ಮಿಷನ್ನಿಗೇ ಜೋತು ಬೀಳುತ್ತಾರೆ ಎಂಬ ಅಂಜಿಕೆಯೂ ಅವರಿಗಿತ್ತು. ಕೊನೆಗೆ ಕಂಡ ದಾರಿ, ಕೆಲಸ ಕಲಿಸುವುದು.

1841ರಲ್ಲಿ ಶುರುವಾದ ಮುದ್ರಣಾಲಯ ಕೆಲವರಿಗೆ ಅನ್ನ ಕೊಟ್ಟಿತು. 1851ರಲ್ಲಿ ಬಂದ ನೇಕಾರ ಹಾಲರ್ ಬಲ್ಮಠದ ನೇಯ್ಗೆ ಕೆಲಸವನ್ನು ಬೆಳೆಸಿದ. ಖಾಕಿ ಬಣ್ಣ ತಯಾರಿಸಿದ ಹೆಗ್ಗಳಿಕೆಯೂ ಅವನ ಹೆಸರಿಗಿದೆ. 1865ರಲ್ಲಿ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ. ನೇತ್ರಾವತಿ ದಂಡೆಯ ಆವೆಮಣ್ಣು, ಅಚ್ಚು, ಗೂಡಿನ ಬೆಂಕಿ ಸೇರಿ ‘ಮಂಗಳೂರು ಹಂಚು’ ಹುಟ್ಟಿತು. ಬೇರೆ ಜಾತಿ, ಧರ್ಮದವರೂ ಅಲ್ಲಿ ದುಡಿದರು.

ಇದನ್ನು ಬರೀ ಪುಣ್ಯದ ಕಥೆಯಾಗಿ ಬರೆದರೆ ಅರ್ಧ ಮಾತ್ರ ಹೇಳಿದಂತೆ. ಸಂಬಳ ಕೊಡುವವನೂ ಉಪದೇಶ ಮಾಡುವವನೂ ಒಂದೇ ಸಂಸ್ಥೆಯವರಾದಾಗ ಬಡವನಿಗೆ ಎದುರು ಮಾತಾಡುವುದು ಎಷ್ಟು ಸುಲಭ? ಸಭೆಯ ಶಿಸ್ತು ಕಾರ್ಖಾನೆಗೂ ಬಂತು, ಕಾರ್ಖಾನೆಯ ಗಂಟೆ ಮನೆಯ ದಿನಚರಿಗೂ ಬಂತು. ಸುವಾರ್ತೆ ಸಾರಲು ಬಂದವರು ಲಾಭದ ವ್ಯಾಪಾರ ಮಾಡಬಹುದೇ ಎಂಬ ಚರ್ಚೆ ಮಿಷನ್ನಿನ ಒಳಗೂ ಇತ್ತು. 1859ರಲ್ಲಿ ವ್ಯಾಪಾರಕ್ಕೆಂದು ಬೇರೆ ಕಂಪನಿ ಮಾಡಿದರೂ ಆ ಗಂಟು ಪೂರ್ತಿ ಬಿಚ್ಚಲಿಲ್ಲ.

ಮೊದಲ ಮಹಾಯುದ್ಧ ಬಂದಾಗ ಬ್ರಿಟಿಷ್ ಸರ್ಕಾರಕ್ಕೆ ಈ ಜರ್ಮನ್ನರು ಶತ್ರು ದೇಶದವರಾದರು. ಪಾದ್ರಿಗಳನ್ನು ಬಂಧನದಲ್ಲಿಟ್ಟರು. ಮುಂದೆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್‌ನ ಕೈಗೆ ಹೋದವು. ಪಾದ್ರಿ ಹೋದರೂ, ಯಜಮಾನ ಬದಲಾದರೂ ಕಲಿತ ಕೆಲಸ ಮಾತ್ರ ಕಲಿತವನ ಕೈಯಲ್ಲೇ ಉಳಿಯಿತು.

ಉಪದೇಶಕ್ಕಿಂತ ಈ ಕೆಲಸವೇ ದೂರ ಹೋಯಿತೆಂದು ನಮಗನ್ನಿಸುತ್ತದೆ. ಮಳೆಗಾಲದಲ್ಲಿ ಆ ಹಂಚಿನ ಕೆಳಗೆ ದೇವಸ್ಥಾನವೂ ಇತ್ತು, ಮಸೀದಿಯೂ ಇತ್ತು, ಇಗರ್ಜಿಯೂ ಇತ್ತು. ಊರಿಗೆ ಬಂದು ಒಳ್ಳೆಯ ಮಾತಾಡುವ ಯಾರನ್ನೇ ಆಗಲಿ, ಪಾದ್ರಿ, ಸ್ವಾಮಿ, ರಾಜಕಾರಣಿ, ನಾವು ಕೇಳಬೇಕಾದ ಪ್ರಶ್ನೆಗಳು ಎರಡು. ನಿಮ್ಮ ಮಾತು ನಂಬಿ ಕಸುಬು ಬಿಟ್ಟವನಿಗೆ ನಾಳೆ ಕೆಲಸ ಏನು? ಆ ಕೆಲಸ ಸಿಕ್ಕ ಮೇಲೆ, ನಿಮಗೆ ಎದುರಾಡುವ ಸ್ವಾತಂತ್ರ್ಯ ಅವನಿಗೆ ಉಳಿಯುತ್ತದೆಯೇ?